ಹುಕ್ಕೇರಿಯ ಒಂಬತ್ತು ಕಾಕಾಗಳು

ಹೆದರುವುದರಲ್ಲಿ ನನಗೆ ಬಹಳ ವರ್ಷಗಳ ಅನುಭವವಿದೆ. ಮನೆಗೆ ಬೀಗ ಹಾಕಿ, ಓಣಿಯ ತಿರುವಿನವರೆಗೆ ಹೋಗಿ, ಮರಳಿ ಬಂದು ಬೀಗವನ್ನೊಮ್ಮೆ ಜಗ್ಗಿ ನೋಡದ ಹೊರತು ನನಗೆ ಬಸ್ಸು ಹತ್ತುವ ಧೈರ್ಯ ಬರುವುದಿಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿದ ಮೇಲೆ ಅದರ ಬಾಯಲ್ಲಿ ಬೆರಳಾಡಿಸಿ, ಕಾಗದ ಕೆಳಗೆ ಬಿದ್ದದ್ದನ್ನು ಖಾತ್ರಿ ಮಾಡಿಕೊಳ್ಳುತ್ತೇನೆ. ಗೋಕಾಕದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ಹೆಂಡತಿ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, "ನಿಮಗ ಹೆದರಾಕ ಕಾರಣ ಬೇಕಾಗಿಲ್ರಿ, ವ್ಯಾಳೆ ಸಿಕ್ರ ಸಾಕು" ಎನ್ನುತ್ತಾಳೆ. ಇಂಥವನ ಕೈಗೆ ಬ್ಯಾಂಕಿನ ಸಾಲದ ಅರ್ಜಿಯ ಸಾಫ್ಟ್‌ವೇರನ್ನು ಕೊಟ್ಟು, ಇದನ್ನು ಹೊಸದಾಗಿ ಮಾಡು ಎಂದು ಯಾರೂ ಹೇಳಬಾರದು. ನಮ್ಮ ಬ್ಯಾಂಕಿನವರು ಹೇಳಿದರು.

ನಮ್ಮದು ಗೋಕಾಕದಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡ ಸಣ್ಣ ಸಹಕಾರಿ ಬ್ಯಾಂಕು. ಮೂಡಲಗಿ, ಹುಕ್ಕೇರಿ ಮೊದಲಾದ ಕಡೆ ಶಾಖೆಗಳು. ಹೊಸ ಶತಮಾನ ಹುಟ್ಟಿ ಎರಡೋ ಮೂರೋ ವರ್ಷವಾಗಿತ್ತು. ಶಾಖೆಗೊಂದು ಕಂಪ್ಯೂಟರ್ ಬಂದು ಕೂತಿತ್ತು. ಅದರಲ್ಲಿ ಸಾಲದ ಅರ್ಜಿ ತುಂಬುವ ಒಂದು ಹಳೆಯ ಸಾಫ್ಟ್‌ವೇರ್: ಕಪ್ಪು ಪರದೆ, ಹಸಿರು ಅಕ್ಷರ, ಎಲ್ಲ ಕಾಲಂಗಳೂ ಒಂದೇ ಕಡೆ ಒತ್ತೊತ್ತಾಗಿ, ನಡುವೆ ಎಲ್ಲಾದರೂ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ನಾನು ಭಾನುವಾರಗಳಂದು ಬೆಳಗಾವಿಗೆ ಹೋಗಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಜನರಲ್ ಮ್ಯಾನೇಜರರ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದವನ್ನು ಹರಿಯದಂತೆ ಹೊರಗೆ ತೆಗೆದಿದ್ದೆ. ಅಂದಿನಿಂದ ಅವರ ಕಣ್ಣಿಗೆ ನಾನು ದೊಡ್ಡ ತಂತ್ರಜ್ಞ. "ನೀವ ಮಾಡ್ರಿ. ಒಂದ ತಿಂಗಳ ಮೂರು ಶಾಖೆಯೊಳಗ ನಡಸಿ ನೋಡೂನು. ನಡದ್ರ ಛಲೋ. ನಡೀಲಿಲ್ಲಂದ್ರ ಹೊರಗಿಂದ ತರಸ್ತೀವಿ, ನಿಮ್ಮನ್ನ ಯಮಕನಮರಡಿ ಕೌಂಟರಿಗೆ ಹಾಕ್ತೀವಿ" ಎಂದರು. ಯಮಕನಮರಡಿ ಒಳ್ಳೆಯ ಊರು, ಅದರ ಮೇಲೆ ನನ್ನದೇನೂ ತಕರಾರಿಲ್ಲ. ಆದರೆ ಹೆಂಡತಿಯ ಶಾಲೆ ಗೋಕಾಕದಲ್ಲಿತ್ತು. ದಿನಾ ಅಷ್ಟು ದೂರ ಬಸ್ಸಿನಲ್ಲಿ ಕೂತು, ಬೀಗ ಸರಿಯಾಗಿ ಹಾಕಿದ್ದೇನೋ ಇಲ್ಲವೋ ಎಂದು ಯೋಚಿಸುವುದು ನನ್ನಿಂದಾಗದ ಕೆಲಸ.

ಮೊದಲು ಮೂಡಲಗಿ ಶಾಖೆಗೆ ಹೋಗಿ ಎರಡು ದಿನ ಮೂಲೆಯಲ್ಲಿ ಕೂತು ನೋಡಿದೆ. ಅಲ್ಲಿ ಗಿರಾಕಿಗಳು ಇರುವವರೆಗೆ ಯಾರೂ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಅರ್ಜಿಯನ್ನು ಕಾಗದದ ಮೇಲೆ ತುಂಬಿಸಿಕೊಂಡು, ನಾಲ್ಕು ಗಂಟೆಯ ಮೇಲೆ ಬಾಗಿಲು ಮುಂದೆ ಮಾಡಿ, ಅದನ್ನೇ ಕಂಪ್ಯೂಟರಿಗೆ ನಕಲು ಮಾಡುತ್ತಿದ್ದರು. ಒಂದೇ ಕೆಲಸ ಎರಡು ಸಲ ಏಕೆ ಎಂದು ಕೇಳಿದ್ದಕ್ಕೆ, "ಮೊದಲಿಂದೂ ಹಿಂಗ ಐತ್ರಿ" ಎಂದರು. ಕಂಪ್ಯೂಟರ್ ಬಂದು ಎರಡು ವರ್ಷವೂ ಆಗಿರಲಿಲ್ಲ. ನಾನು ಅಲ್ಲಿಯೇ ಪಣ ತೊಟ್ಟೆ: ಇನ್ನು ಮುಂದೆ ಕಾಗದ ಬೇಡ, ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡೇ ಪರದೆ ತುಂಬಬೇಕು, ಎಲ್ಲ ಮುಗಿದ ಮೇಲೆ ಅಚ್ಚಾಗಿ ಬಂದ ಅರ್ಜಿಗೆ ಅವರು ಸಹಿ ಹಾಕಬೇಕು. ಎರಡು ತಿಂಗಳು ಕೂತು ಮಾಡಿದೆ. ಬಿಳಿ ಪರದೆ, ದೊಡ್ಡ ಅಕ್ಷರ, ಒಮ್ಮೆಗೆ ನಾಲ್ಕೇ ಕಾಲಂ. ಮೊಟ್ಟಮೊದಲು ಅರ್ಜಿದಾರರ ಹೆಸರು. ಹೆಸರು ತುಂಬದೆ ಮುಂದೆ ಹೋಗುವಂತಿಲ್ಲ. ಒಮ್ಮೆ ತುಂಬಿದ ಹೆಸರನ್ನು ಆಮೇಲೆ ತಿದ್ದುವಂತೆಯೂ ಇಲ್ಲ. ಯಾರಾದರೂ ಮೋಸ ಮಾಡಿಬಿಟ್ಟರೆ ಎಂಬ ಹೆದರಿಕೆಯಿಂದ ಅದಕ್ಕೊಂದು ಬೀಗ ಜಡಿದಿದ್ದೆ. ಆ ಬೀಗವನ್ನೂ ಎರಡೆರಡು ಸಲ ಜಗ್ಗಿ ನೋಡಿದ್ದೆ.

ಶಾಖೆಗಳ ಮಾಹಿತಿ ಆಗ ಪ್ರತಿ ಶನಿವಾರ ಫ್ಲಾಪಿಯಲ್ಲಿ, ಬಸ್ಸಿನಲ್ಲಿ, ಯಾರಾದರೂ ಸಿಬ್ಬಂದಿಯ ಕಿಸೆಯಲ್ಲಿ ಗೋಕಾಕಕ್ಕೆ ಬರುತ್ತಿತ್ತು. ಗೋಕಾಕದ್ದು ಸರಿಯಿತ್ತು, ಮೂಡಲಗಿಯದು ಹೆಚ್ಚುಕಡಿಮೆ ಸರಿಯಿತ್ತು. ಹೊಸ ಸಾಫ್ಟ್‌ವೇರ್ ಶುರುವಾದ ಮೂರನೆಯ ಶನಿವಾರ, ಎರಡು ವಾರ ತಪ್ಪಿ ಬಂದ ಹುಕ್ಕೇರಿಯ ಫ್ಲಾಪಿ ತೆರೆದು ಪಟ್ಟಿಯನ್ನು ಅಚ್ಚು ಹಾಕಿಕೊಂಡವನು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಅರ್ಜಿದಾರರ ಹೆಸರು: ಕಾಕಾ. ಅದರ ಕೆಳಗೆ, ಕಾಕಾ. ಅದರ ಕೆಳಗೂ ಕಾಕಾ. ಒಟ್ಟು ಒಂಬತ್ತು ಕಾಕಾ, ಅಂದರೆ ಚಿಕ್ಕಪ್ಪಂದಿರು; ಮೂವರು ಮಾವಶಿ, ಅಂದರೆ ಚಿಕ್ಕಮ್ಮಂದಿರು; ಒಬ್ಬ ಮಾಸ್ತರ. ನಾನು ಆ ಪಟ್ಟಿಯನ್ನು ಮಡಚಿ ಎಲ್ಲಿಡಲಿ ಎಂದು ನೋಡುವಷ್ಟರಲ್ಲಿ ಜನರಲ್ ಮ್ಯಾನೇಜರರು ಹಿಂದೆಯೇ ನಿಂತಿದ್ದರು. "ಯಾರ್ರಿ ಈ ಕಾಕಾ? ಒಬ್ಬನ ಒಂಬತ್ತು ಸಾಲ ಕೇಳ್ಯಾನ?" ಎಂದರು. ಹುಕ್ಕೇರಿಯಲ್ಲಿ ಆ ಕೆಲಸ ನೋಡುತ್ತಿದ್ದವರು ಭರಮಣ್ಣನವರು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಹಿರಿಯ ಕ್ಲರ್ಕು, ಬೆಳಿಗ್ಗೆ ಬಸದಿಗೆ ಹೋಗಿ ಬಂದೇ ಕುರ್ಚಿಯಲ್ಲಿ ಕೂರುವ ಮನುಷ್ಯ, ಒಂದು ಪೆನ್ನಿನ ರೀಫಿಲ್ಲನ್ನೂ ಮನೆಗೆ ಒಯ್ದವರಲ್ಲ. ಅವರ ಮೇಲೆ ಸುಳ್ಳು ಅರ್ಜಿಯ ಮೆಮೊ ಸಿದ್ಧವಾಗತೊಡಗಿತು. "ಸೋಮವಾರ ನೀವ ಹೋಗಿ ನೋಡಿಕೊಂಡ ಬರ್ರಿ. ಸರಿಯಾದ ಉತ್ತರಾ ಸಿಗಲಿಲ್ಲಂದ್ರ ಮಂಗಳವಾರ ಮೆಮೊ ಕಳಸ್ತೀನಿ" ಎಂದರು.

ಸೋಮವಾರದ ಆ ಬಸ್ ಪ್ರಯಾಣವನ್ನು ನಾನು ಮರೆಯುವುದಿಲ್ಲ. ಧುಪದಾಳದ ಅಣೆಕಟ್ಟಿನ ಹತ್ತಿರ ಎಲ್ಲರೂ ಕಿಟಕಿಯಿಂದ ತುಂಬಿದ ನೀರು ನೋಡುತ್ತಿದ್ದರು. ನಾನು ಕರ್ಚೀಫನ್ನು ನಾಲ್ಕು ಮಡಿಕೆ ಮಾಡುತ್ತಿದ್ದೆ, ಬಿಚ್ಚುತ್ತಿದ್ದೆ. ನನ್ನ ವರ್ಗಾವಣೆಯ ಹೆದರಿಕೆ ಒಂದು ಕಡೆ ಇರಲಿ. ನಾನು ಮಾಡಿದ ಒಂದು ಕಾಲಮ್ಮಿನಿಂದ ಒಬ್ಬ ಸಭ್ಯ ಮನುಷ್ಯ ನೌಕರಿಯ ಕೊನೆಗಾಲದಲ್ಲಿ ಕಳ್ಳ ಎನ್ನಿಸಿಕೊಳ್ಳುವುದು ನನಗೆ ಸಹಿಸಲಾಗದ ಮಾತಾಗಿತ್ತು.

ಭರಮಣ್ಣನವರು ನನ್ನನ್ನು ಕಂಡು ಎದ್ದು ನಿಂತು, "ಬರ್ರಿ ಸಾಹೇಬ್ರ, ಛಲೋ ಆತು ನೀವ ಬಂದದ್ದು" ಎಂದು ಬಾಜೂ ಕುರ್ಚಿ ಕೊಟ್ಟರು. ನಾನು ಕಾಕಾಗಳ ವಿಷಯ ಎತ್ತುವುದರೊಳಗೆ ಬಿಳಿ ಟೋಪಿಯ ಹಿರಿಯರೊಬ್ಬರು ಬಂದು ಎದುರಿಗೆ ಕೂತರು. ಹಿಟ್ಟಿನ ಗಿರಣಿ ಹಾಕಲು ಅವರಿಗೆ ಸಾಲ ಬೇಕಿತ್ತು. "ಬರ್ರಿ ಕಾಕಾ. ಮೊಣಕಾಲ ನೋವು ಹೆಂಗೈತಿ? ಸೊಸಿ ತವರಮನಿಯಿಂದ ಬಂದಳೇನು?" ಎಂದು ಭರಮಣ್ಣನವರು ಶುರು ಮಾಡಿದರು. ಮಾತು ಕನ್ನಡದಿಂದ ಮರಾಠಿಗೆ ಹೋಯಿತು, ಮರಾಠಿಯಿಂದ ಕನ್ನಡಕ್ಕೆ ಬಂತು. ಕಾಕಾನ ಎಮ್ಮೆ ಯಾವಾಗ ಈದದ್ದು, ಅಳಿಯ ಯಾವ ಕಾರ್ಖಾನೆಯಲ್ಲಿರುವುದು, ಮೊಮ್ಮಗಳಿಗೆ ಲೆಕ್ಕ ಬರುವುದಿಲ್ಲವೆಂಬುದು, ಎಲ್ಲವೂ ಭರಮಣ್ಣನವರಿಗೆ ಗೊತ್ತಿತ್ತು. ಆಮೇಲೆ ಅವರು ಕಂಪ್ಯೂಟರಿನ ಕಡೆ ತಿರುಗಿದರು. ಹೆಸರಿನ ಕಾಲಮ್ಮಿನಲ್ಲಿ ಸಣ್ಣ ಗೆರೆಯೊಂದು ಮಿಣುಕುತ್ತಿತ್ತು. ಅವರು ಅದನ್ನು ನೋಡಿದರು, ಕಾಕಾನನ್ನು ನೋಡಿದರು, ನನ್ನನ್ನು ನೋಡಿದರು. ನಂತರ ಒಂದೇ ಬೆರಳಿನಿಂದ ಹೊಡೆದರು: ಕಾಕಾ.

ಎಲ್ಲ ತುಂಬಿ, ಅಚ್ಚಾದ ಅರ್ಜಿಗೆ ಸಹಿ ಮಾಡಿ ಕಾಕಾ ಹೋದ ಮೇಲೆ ನಾನು ಮೆಲ್ಲಗೆ, "ಅವರ ಹೆಸರೇನ್ರಿ ಭರಮಣ್ಣಾರ?" ಎಂದೆ.

"ಇಷ್ಟೊತ್ತನಕಾ ನನಗೂ ಗೊತ್ತಿದ್ದಿಲ್ರಿ."

"ಎಷ್ಟು ವರ್ಷದ ಪರಿಚಯ?"

"ಈ ಬ್ರಾಂಚಿಗೆ ಬಂದಾಗಿಂದ. ಇಪ್ಪತ್ತೆರಡ ವರ್ಷ ಆತು."

"ಒಂದ ಮಾತು ಕೇಳಬಾರದಾಗಿತ್ತೇನ್ರಿ?"

ಭರಮಣ್ಣನವರು ನನ್ನನ್ನು ಕರುಣೆಯಿಂದ ನೋಡಿದರು. "ಇಪ್ಪತ್ತೆರಡ ವರ್ಷ ಆದ ಮ್ಯಾಲ ಹೆಂಗ ಕೇಳೂದ್ರಿ ಸಾಹೇಬ್ರ? ಕೇಳೂದಿದ್ರ ಮೊದಲನೇ ದಿನಾ ಕೇಳಬೇಕಾಗಿತ್ತು. ಅವತ್ತ ಬಿಟ್ಟೆ, ಮುಗೀತು. ಈಗ ಹೆಸರೇನ್ರಿ ಅಂದ್ರ, ಇಷ್ಟ ದಿನಾ ನನ್ನ ಯಾರಂತ ತಿಳದ ಮಾತಾಡಸ್ತಿದ್ದಿ ಅಂತಾರ. ಪಾಸ್‌ಬುಕ್ ತೋರಸ್ರಿ ಅಂದ್ರೂ ಅದ ಮಾತು. ಕಾಗದ ಇದ್ದಾಗ ಈ ತ್ರಾಸ ಇದ್ದಿಲ್ರಿ. ಮೊದಲ ಕೆಳಗ ಸಹಿ ಮಾಡಸ್ತಿದ್ವಿ, ಸಹಿ ನೋಡಿ ಮ್ಯಾಲ ಹೆಸರು ಬರೀತಿದ್ವಿ. ಅವರಿಗೂ ಮರ್ಯಾದಿ, ನಮಗೂ ಮರ್ಯಾದಿ. ನೀವು ಸಹಿ ತಗೊಂಡ ಹೋಗಿ ಕಡೀಕ ಇಟ್ರಿ."

ಖಾಲಿ ಅರ್ಜಿಗೆ ಮೊದಲೇ ಸಹಿ ಮಾಡಿಸುವುದು ಬ್ಯಾಂಕಿನ ಯಾವ ನಿಯಮದಲ್ಲಿ ಬರುತ್ತದೆ ಎಂದು ನೆನೆದು ಹೆದರಿದೆ. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ನಾನು ಕೌಜಲಗಿಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯ ಎದುರಿನ ಕಾಕಾನ ಹೆಸರು ನನಗೆ ಗೊತ್ತಾದದ್ದು ಅವನ ಮಗನ ಲಗ್ನಪತ್ರಿಕೆಯಲ್ಲಿ. ಅದನ್ನೆಲ್ಲ ಬಲ್ಲವನೇ ಮೊದಲ ಕಾಲಮ್ಮಿನಲ್ಲಿ ಹೆಸರಿಟ್ಟು ಬೀಗ ಜಡಿದಿದ್ದೆ. "ಅರ್ಜಿ ಮ್ಯಾಲ ಕಾಕಾ ಅಂತ ಇದ್ದದ್ದಕ್ಕ ಯಾರೂ ತಕರಾರ ಮಾಡ್ಲಿಲ್ಲೇನ್ರಿ?" ಎಂದೆ. "ಇಲ್ರಿ, ಖುಷಿ ಆದ್ರು. ಕಂಪ್ಯೂಟರ್ ಸುದ್ದಾ ನಮ್ಮ ಗುರುತ ಹಿಡೀತು ಅಂದ್ರು" ಎನ್ನುತ್ತ ಅವರು ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದರು. ಮೊದಲನೇ ಕಾಕಾ, ಎರಡನೇ ಕಾಕಾ ಎಂದು ಬರೆದು, ಎದುರಿಗೆ ಸಹಿಯಿಂದ ತಿಳಿದುಕೊಂಡ ಪೂರ್ತಿ ಹೆಸರು, ಊರು, ತಾರೀಖು. ಹೊಸದಾಗಿ ಹತ್ತನೇ ಕಾಕಾನನ್ನೂ ಸೇರಿಸಿದರು. ತಿದ್ದಲು ನನ್ನ ಬೀಗ ಬಿಡಲಿಲ್ಲವೆಂದು, ನಾನು ಬಂದಾಗ ಕೇಳೋಣವೆಂದು ಕಾದಿದ್ದರಂತೆ.

ಆ ನೋಟ್‌ಬುಕ್ಕನ್ನೂ ಸಹಿಯಾದ ಅರ್ಜಿಗಳನ್ನೂ ಎದೆಗವಚಿಕೊಂಡು ಸಂಜೆಯೊಳಗೆ ಗೋಕಾಕಕ್ಕೆ ಬಂದು ಜನರಲ್ ಮ್ಯಾನೇಜರರ ಮುಂದಿಟ್ಟೆ. ಅವರು ಒಂದೊಂದೇ ಹೆಸರನ್ನು ಅರ್ಜಿಯ ಸಹಿಗಳೊಂದಿಗೆ ತಾಳೆ ನೋಡಿದರು. ಎಲ್ಲ ಸರಿಯಿತ್ತು. ಆದರೂ ಬಿಗುಮಾನದಿಂದ, "ಹೆಸರು ಕೇಳಾಕ ನಾಚಿಕಿ ಅಂದ್ರ ಏನ್ರಿ ಇದು? ಬ್ಯಾಂಕೋ ಏನ ಬೀಗರ ಮನಿಯೋ?" ಎಂದರು. ಅಷ್ಟರಲ್ಲಿ ದಿನವೂ ಚಹಾ ತರುವ ನರೆಗೂದಲಿನವರು ಕೆಟಲ್ ಹಿಡಿದು ಒಳಗೆ ಬಂದರು. "ಬರ್ರಿ ಮಾಮಾ, ಇವರಿಗೂ ಒಂದ ಕೊಡ್ರಿ" ಎಂದ ಜನರಲ್ ಮ್ಯಾನೇಜರರು ಅಲ್ಲಿಗೇ ತಡೆದು, ಮಾಮಾನನ್ನೊಮ್ಮೆ ನೋಟ್‌ಬುಕ್ಕನ್ನೊಮ್ಮೆ ನೋಡಿದರು. ಚಹಾದವರು ಗ್ಲಾಸುಗಳನ್ನಿಟ್ಟು ಹೋದರು. ಆಮೇಲೆ ಅವರು ಮೆಮೊದ ಕರಡನ್ನು ಎರಡು ತುಂಡು ಮಾಡಿ, "ಏನರ ಒಂದ ದಾರಿ ಮಾಡ್ರಿ" ಎಂದರು.

ನಾನು ಮಾಡಿದ ದಾರಿ ಇಷ್ಟೇ. ಸಾಫ್ಟ್‌ವೇರ್ ತೆರೆದ ಕೂಡಲೇ ಒಂದು ಭೇಟಿ ಚೀಟಿ ಅಚ್ಚಾಗಿ ಬರುತ್ತದೆ: ಸಾಲದ ವಿಚಾರಣೆಗಾಗಿ ಈ ದಿನ ಶಾಖೆಗೆ ಬಂದಿದ್ದೇನೆ, ಸಹಿ. ಅದನ್ನು ಗಿರಾಕಿಯ ಮುಂದೆ ಸರಿಸಬೇಕು, ಸಹಿ ಓದಬೇಕು, ಹೆಸರು ತುಂಬಬೇಕು. ಕಾಗದ ತೆಗೆಯಲು ಹೊರಟವನು ಕಡೆಗೆ ಇನ್ನೊಂದು ಕಾಗದ ಹೆಚ್ಚಿಗೆ ಮಾಡಿದೆ. ಮೂರೂ ಶಾಖೆಯವರು ಅದನ್ನು ಮೆಚ್ಚಿದರು, ಯಮಕನಮರಡಿಯ ಮಾತು ನಿಂತಿತು. ನನಗೆ ಮಾತ್ರ ಇನ್ನೂ ಹೆದರಿಕೆ: ಸಹಿ ಓದಲು ಬರದಂತಿದ್ದರೆ? ಭರಮಣ್ಣನವರಿಗೆ ಫೋನ್ ಮಾಡಿ ಕೇಳಿದೆ. "ಸಹಿ ತಿಳೀಲಿಲ್ಲಂತ ಕೇಳಬಹುದ್ರಿ. ಸಹಿ ತಿಳೀಲಿಲ್ಲಂದ್ರ ಯಾರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ, ಮನಷ್ಯಾ ತಿಳೀಲಿಲ್ಲಂದ್ರ ಮಾಡ್ಕೊಂತಾರ" ಎಂದರು.

ಎರಡು ವರ್ಷ ಕಳೆಯಿತು. ಈ ನಡುವೆ ನಾನೂ ಭರಮಣ್ಣನವರೂ ಎಷ್ಟೋ ಸಲ ಒಟ್ಟಿಗೆ ಊಟ ಮಾಡಿದ್ದೇವೆ. ನನ್ನ ಬೀಗದ ಕತೆ, ಹೆಂಡತಿಯ ಶಾಲೆಯ ಕತೆ, ಎಲ್ಲವೂ ಅವರಿಗೆ ಗೊತ್ತು. ನಿವೃತ್ತಿಗೆ ಒಂದು ವಾರವಿರುವಾಗ ಅವರು ಬೀಳ್ಕೊಡುಗೆಯ ಊಟಕ್ಕೆ ಕರೆಯಲು ಗೋಕಾಕಕ್ಕೆ ಬಂದರು. ಕೈಯಲ್ಲಿ ಆಮಂತ್ರಣ ಪತ್ರಿಕೆಗಳ ಕಟ್ಟು. ಮೇಲಿನ ಪತ್ರಿಕೆಯ ಮೇಲೆ 'ಶ್ರೀ' ಎಂದಷ್ಟೇ ಬರೆದು ಮುಂದೆ ಜಾಗ ಬಿಟ್ಟಿತ್ತು. ಅವರು ಅದನ್ನು ಕಟ್ಟಿನ ಕೆಳಗೆ ಸರಿಸಿ, ಕಿಸೆಯಿಂದ ಒಂದು ಭೇಟಿ ಚೀಟಿ ತೆಗೆದು, "ಸಾಹೇಬ್ರ, ಈ ಚೀಟಿ ಮ್ಯಾಲ ಶಾಯಿ ಹರಡತೈತಿ ಅಂತ ಮಂದಿ ಅನ್ನಾಕತ್ತಾರ. ಒಂದ ಸಹಿ ಮಾಡಿ ನೋಡ್ರಿ" ಎಂದು ನನ್ನ ಮುಂದೆ ಸರಿಸಿ, ಮೇಲೆ ತಿರುಗುವ ಫ್ಯಾನನ್ನು ನೋಡುತ್ತ ನಿಂತರು.

ಪೆನ್ನು ಹಿಡಿದ ಮೇಲೆ ನನಗೆ ತಿಳಿಯಿತು. ಬೇಸರವಾಯಿತು, ಇಲ್ಲವೆನ್ನಲಾರೆ. ಆದರೆ ಅವರು ಬಾಯಿಬಿಟ್ಟು ಕೇಳಿದ್ದರೆ ಇನ್ನೂ ಹೆಚ್ಚು ಆಗುತ್ತಿತ್ತು. ನನ್ನ ಸಹಿ ಎಂದರೆ ಎರಡು ಸುತ್ತು, ಒಂದು ಗೀಟು; ಅದನ್ನು ಬಿಟ್ಟು, ಶಾಲೆಯ ಹುಡುಗನಂತೆ ದುಂಡಗೆ, ಬಿಡಿಬಿಡಿಯಾಗಿ ನನ್ನ ಹೆಸರು ಬರೆದು ಚೀಟಿ ಕೊಟ್ಟೆ. ಭರಮಣ್ಣನವರು ಅದನ್ನು ತೆಗೆದುಕೊಂಡು ಬಾಗಿಲವರೆಗೆ ಹೋಗಿದ್ದರು. ನನಗೆ ತಡೆಯಲಾಗಲಿಲ್ಲ. ಅವರನ್ನು ಕೂಗಿ ನಿಲ್ಲಿಸಿ, ಚೀಟಿಯನ್ನು ಮರಳಿ ಇಸಿದುಕೊಂಡು, ಮನೆತನದ ಅಡ್ಡಹೆಸರನ್ನೂ ಸೇರಿಸಿ ಕೊಟ್ಟೆ.