ನಾನು ಧ್ರುವನಿಗೆ ಗುರಿಯಿಟ್ಟ ಕಥೆ

ತಿರುಗುವ ಯಾವ ವಸ್ತುವೂ ನನ್ನ ಮುಂದೆ ಸುಳ್ಳು ಹೇಳಲಾರದು. ಅಜ್ಜಂಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿರುವ ನಾನು, ಫ್ಯಾನಿನ ಸದ್ದು ಕೇಳಿಯೇ ಬೇರಿಂಗಿನ ವಯಸ್ಸು ಹೇಳಬಲ್ಲವನು. ಆದ್ದರಿಂದ ಬುಕ್ಕಾಂಬುಧಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಹೆಂಡತಿ ಅಶ್ವಿನಿ, ಶಾಲೆಗೆ ದಾನ ಬಂದ ಟೆಲಿಸ್ಕೋಪನ್ನು ಪೆಟ್ಟಿಗೆ ಸಮೇತ ಮನೆಗೆ ತಂದ ದಿನ, ಅದರ ಸ್ಟ್ಯಾಂಡನ್ನು ಪರೀಕ್ಷಿಸುವ ಅಧಿಕಾರವನ್ನು ನಾನೇ ವಹಿಸಿಕೊಂಡೆ.

ದಾನಿ ಕಡೂರಿನ ವಿಶಾಲಾಕ್ಷಮ್ಮ ಮೇಡಂ. ಪಿಯುಸಿಯಲ್ಲಿ ನನಗೆ ಗಣಿತ ಹೇಳಿಕೊಟ್ಟವರು, ಅಥವಾ ಹೇಳಿಕೊಡಲು ಶ್ರಮಪಟ್ಟವರು. "ಇದು ಈಕ್ವಟೋರಿಯಲ್ ಮೌಂಟು. ಶನಿವಾರದೊಳಗೆ ನೋಡಿ ಹೇಳಿ. ಮಕ್ಕಳಿಗೆ ಒಗ್ಗದಿದ್ರೆ ವಾಪಸ್ ಕೊಟ್ಟು, ಮೇಲೆ ಕೆಳಗೆ ತಿರುಗೋ ಸಾದಾ ಸ್ಟ್ಯಾಂಡ್ ತರಿಸೋಣ" ಎಂದಿದ್ದರು.

"ಸಾದಾನೇ ಸಾಕೇನೋ ರೀ," ಅಂದಳು ಅಶ್ವಿನಿ.

"ಸಾದಾ ಯಾರಿಗೆ ಬೇಕು? ಇದರ ಒಂದು ಅಕ್ಷ ಧ್ರುವ ನಕ್ಷತ್ರಕ್ಕೆ ನೆಟ್ಟಗಿದ್ರೆ ಮುಗೀತು. ಆಮೇಲೆ ಒಂದೇ ಗುಂಡಿ ತಿರುಗಿಸ್ತಾ ಇದ್ರೆ ಗ್ರಹ ಕಣ್ಣೆದುರಿಂದ ಕದಲಲ್ಲ. ಪುಸ್ತಕದಲ್ಲೇ ಬರೆದಿದೆ."

ಬುಧವಾರ ಸಂಜೆ ತಾರಸಿಯ ಮೇಲೆ ಕಾರ್ಯಾರಂಭವಾಯಿತು. ನಮ್ಮ ಊರಿನಲ್ಲಿ ಧ್ರುವ ಬಹಳ ತಗ್ಗಿನಲ್ಲಿರುತ್ತಾನೆ, ಸುಮಾರು ಹದಿನಾಲ್ಕು ಡಿಗ್ರಿ. ಸ್ಟ್ಯಾಂಡಿನ ಅಕ್ಷವನ್ನು ತಗ್ಗಿಸುವ ಬೋಲ್ಟು ಇಪ್ಪತ್ತು ಡಿಗ್ರಿಗೆ ಬಂದು ಹಟ ಹಿಡಿಯಿತು. ಹಿಂದಿನ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಇಡೀ ಸ್ಟ್ಯಾಂಡನ್ನೇ ಉತ್ತರಕ್ಕೆ ಬಾಗಿಸಿದೆ. ಅದು ಹಿರಿಯರಿಗೆ ನಮಸ್ಕಾರ ಮಾಡಲು ಹೊರಟಂತೆ ನಿಂತಿತು. ಇನ್ನು ಟೆಲಿಸ್ಕೋಪಿನ ಭಾರಕ್ಕೆ ಸಮವಾಗಿ ಇನ್ನೊಂದು ಕಡೆ ಕಂಬಿಗೆ ಹಾಕುವ ಕಬ್ಬಿಣದ ಗುಂಡು. ಅದನ್ನು ಹಾಕಿದೆ. ಕಂಬಿಯ ತುದಿಗೆ, ಗುಂಡು ಜಾರದಂತೆ ಹಾಕುವ ಪುಟ್ಟ ತಿರುಪು ನನ್ನ ಜೇಬಿನಲ್ಲೇ ಉಳಿಯಿತು.

ಗುಂಡು ಜಾರಿತು. ನೇರವಾಗಿ ಸೋಲಾರ್ ಹೀಟರಿನ ಪೈಪಿನ ಮೇಲೆ ಇಳಿಯಿತು. ಪೈಪು ಒಡೆದು ಬಿಸಿನೀರು ಮೆಟ್ಟಿಲಿಳಿಯುತ್ತ ಹೋಯಿತು. ಮೂರನೆಯ ಮೆಟ್ಟಿಲ ಮೇಲೆ ಅಶ್ವಿನಿ ತಿದ್ದಿಟ್ಟಿದ್ದ ನಲವತ್ತೆರಡು ಉತ್ತರಪತ್ರಿಕೆಗಳಿದ್ದವು.

ಮರುದಿನ ನಮ್ಮ ತಾರಸಿಯ ತಂತಿಯ ಮೇಲೆ, ನನ್ನ ಪಂಚೆಯ ಪಕ್ಕದಲ್ಲಿ, ಒಂಬತ್ತನೇ ತರಗತಿಯ ಇಡೀ ವಿಜ್ಞಾನ ಒಣಗುತ್ತಿತ್ತು.

"ಹಾನಿ ಏನೂ ಇಲ್ಲ ಬಿಡು," ಅಂದೆ.

"ಇದೆ. ಸೊನ್ನೆ ತಗೊಂಡವನಿಗೂ ಒಂಬತ್ತು ತಗೊಂಡವನಿಗೂ ಈಗ ವ್ಯತ್ಯಾಸ ಗೊತ್ತಾಗ್ತಿಲ್ಲ," ಅಂದಳು.

ನಾನು ಕುಗ್ಗಲಿಲ್ಲ. ಅಂದೇ ಸಂಜೆ ಧ್ರುವನನ್ನು ಹುಡುಕಿದೆ. ಉತ್ತರ ದಿಕ್ಕಿನಲ್ಲಿ, ದಿಬ್ಬದ ತೋಟದ ತೆಂಗಿನ ನೆತ್ತಿಯ ಬಳಿ, ಬೆಳ್ಳಿಯ ಹಾಗೆ ಹೊಳೆಯುತ್ತ ನಿಶ್ಚಲವಾಗಿ ನಿಂತಿದ್ದ. ಪುರಾಣದ ಬಾಲಕನಿಗೆ ತಕ್ಕ ತೇಜಸ್ಸು. ಮೊಬೈಲಿನ ದಿಕ್ಸೂಚಿ ಉತ್ತರವನ್ನು ಕೊಂಚ ಎಡಕ್ಕೆ ತೋರಿಸಿತು. ಕಬ್ಬಿಣದ ಪಕ್ಕದಲ್ಲಿಟ್ಟು ಕೆಟ್ಟಿರಬೇಕು ಎಂದುಕೊಂಡು ಅದನ್ನು ಜೇಬಿಗೆ ಹಾಕಿ, ಅಕ್ಷವನ್ನು ಧ್ರುವನಿಗೇ ಗುರಿಯಿಟ್ಟು ಬಿಗಿದೆ.

ಆದರೂ ಗುರುಗ್ರಹ ನಿಲ್ಲಲಿಲ್ಲ. ಎಷ್ಟು ಗುಂಡಿ ತಿರುಗಿಸಿದರೂ ಅಂಚಿಗೆ ಸರಿದು ಮಾಯವಾಗುತ್ತಿತ್ತು. ಶುಕ್ರವಾರವೂ ಅದೇ ಕಥೆ. ಗೇರಿಗೆ ಗ್ರೀಸ್ ಹಚ್ಚಿದೆ, ಬಿಗಿದೆ, ಸಡಿಲಿಸಿದೆ. ಕಡೆಗೆ ತೀರ್ಮಾನಕ್ಕೆ ಬಂದೆ: ದೋಷ ಸ್ಟ್ಯಾಂಡಿನದು.

ಶನಿವಾರ ಏಳು ಗಂಟೆಗೆ ಶಾಲೆಯ ಇಪ್ಪತ್ತು ಮಕ್ಕಳು ತಾರಸಿಗೆ ಬಂದರು. ಪಕ್ಕದ ಮನೆಯ ದೇವೀರಪ್ಪನೂ ಬಂದ. ನನ್ನ ಅವ್ವ ತೀರ್ಥಮ್ಮ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮೊದಲು ಭೂಮಿಕಾ ಎಂಬ ಹುಡುಗಿ ಕಣ್ಣಿಟ್ಟಳು.

"ಗುರು ಇಲ್ಲ ಸಾರ್."

"ಗುರಿ ಸರಿಯಾಗೇ ಇದೆ, ನೋಡಮ್ಮ."

"ಗುರಿ ಇದೆ ಸಾರ್. ಗುರು ಇಲ್ಲ."

ಮಕ್ಕಳು ಕಿಸಕ್ಕನೆ ನಕ್ಕರು. ಇನ್ನು ಸುಮ್ಮನಿದ್ದರೆ ಮರ್ಯಾದೆಯಲ್ಲ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ವಿಶಾಲಾಕ್ಷಮ್ಮನವರಿಗೆ ಫೋನ್ ಮಾಡಿದೆ.

"ಮೇಡಂ, ಈ ಸ್ಟ್ಯಾಂಡಿನ ಗೇರೇ ಸರಿ ಇಲ್ಲ. ವಾಪಸ್ ಕಳಿಸೋದು ಒಳ್ಳೇದು."

"ಧ್ರುವ ನಕ್ಷತ್ರಕ್ಕೆ ಸರಿಯಾಗಿ ಹೊಂದಿಸಿದ್ದೀಯೇನಪ್ಪಾ ಕಾಂತರಾಜು?"

"ಎದುರಿಗೇ ಕಾಣ್ತಿದೆ ಮೇಡಂ. ಮೂರು ದಿನದಿಂದ ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿ ಕತ್ತಲಾಯಿತು, ಅಂಗಡಿ ಸಾಲು ಕತ್ತಲಾಯಿತು. ಅವುಗಳ ಜೊತೆಗೇ ಧ್ರುವನೂ ಆರಿಹೋದ.

ಫೋನಿನಿಂದ ಮೇಡಂ ದನಿ ಬಂತು: "ಹಲೋ? ಏನಾಯ್ತು?"

"ಧ್ರುವ ನಕ್ಷತ್ರದ ಕರೆಂಟ್ ಹೋಯ್ತು ಮೇಡಂ," ಎಂದಳು ಭೂಮಿಕಾ, ವಿನಯದಿಂದ.

ದೇವೀರಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. "ಗಾಬರಿ ಆಗ್ಬೇಡ ಕಾಂತಣ್ಣ. ಹತ್ತು ಗಂಟೆಗೆ ತ್ರೀ ಫೇಸ್ ಬತ್ತದೆ, ನಿನ್ನ ನಕ್ಷತ್ರನೂ ಬತ್ತದೆ. ನಮ್ಮ ದಿಬ್ಬದ ತೋಟದ ಮೋಟಾರ್ ಮನೆ ಬಲ್ಬು ಕಣಪ್ಪ ಅದು. ಹೋದ ತಿಂಗಳು ಕಂಬ ಹತ್ತಿ ನೀನೇ ಹಾಕ್ಕೊಟ್ಟೆಯಲ್ಲಾ."

ನನಗೆ ಕತ್ತಲೆಯ ಮೇಲೆ ಅಂದು ಹುಟ್ಟಿದಷ್ಟು ಪ್ರೀತಿ ಎಂದೂ ಹುಟ್ಟಿರಲಿಲ್ಲ. ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಅಶ್ವಿನಿ ಆಕಾಶ ನೋಡಿದಳು. ಊರಿನ ಬೆಳಕು ಆರಿದ್ದರಿಂದ, ಆ ತೆಂಗಿನ ಮರದಿಂದ ಕೊಂಚ ಎಡಕ್ಕೆ, ಮೊಬೈಲು ಉತ್ತರ ಎಂದಿದ್ದ ಕಡೆಯೇ, ಅಷ್ಟೇನೂ ಹೊಳಪಿಲ್ಲದ ಒಂದು ನಕ್ಷತ್ರ ಒಂಟಿಯಾಗಿ ಕಾಣಿಸಿತು. ಅವಳು ಸ್ಟ್ಯಾಂಡನ್ನು ಎತ್ತಿ ಅದರ ಕಡೆಗೆ ತಿರುಗಿಸಿ ಇಟ್ಟಳು, ಗುರುವನ್ನು ಹಿಡಿದಳು, ಗುಂಡಿಯನ್ನು ಭೂಮಿಕಾಳ ಕೈಗೆ ಕೊಟ್ಟಳು.

"ಇದೊಂದನ್ನೇ ನಿಧಾನಕ್ಕೆ ತಿರುಗಿಸ್ತಾ ಇರು."

ಗುರು ನಿಂತ. ಅವನ ಪಕ್ಕದಲ್ಲಿ ನಾಲ್ಕು ಚಂದ್ರರು ಸಾಲಾಗಿ ನಿಂತರು. ಇಪ್ಪತ್ತು ಮಕ್ಕಳೂ ಒಬ್ಬೊಬ್ಬರಾಗಿ ನೋಡಿದರು, ಮತ್ತೆ ಸಾಲಿನ ಕೊನೆಗೆ ಓಡಿ ನಿಂತರು. ದೇವೀರಪ್ಪ ಮೂರು ಸಲ ನೋಡಿದ. ನನ್ನ ಸರದಿ ಬಂದಾಗ, ನಾಚಿಕೆಯನ್ನೂ ಮರೆತು ಅಲ್ಲೇ ಅಂಟಿಕೊಂಡೆ. ಹಿಂದಿನವರು ಅಂಗಿ ಹಿಡಿದು ಎಳೆಯಬೇಕಾಯಿತು.

ಫೋನು ಇನ್ನೂ ಕಟ್ಟಾಗಿರಲಿಲ್ಲ. "ಏನು ತೀರ್ಮಾನ ಆಯ್ತು? ವಾಪಸ್ ಕಳಿಸ್ತೀರೋ?" ಎಂದರು ಮೇಡಂ.

"ಸ್ಟ್ಯಾಂಡು ಚೆನ್ನಾಗಿದೆ, ಇರಲಿ ಮೇಡಂ," ಎಂದಳು ಅಶ್ವಿನಿ. "ಇವರನ್ನ ವಾಪಸ್ ಕೊಡೋಕಾಗುತ್ತಾ ಅಂತ ಅತ್ತೇನ ಕೇಳಬೇಕು."

ಅವ್ವ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

"ಬಿಚ್ಚಿದ ಮಾಲು ನಾವು ವಾಪಸ್ ತಗೊಳಲ್ಲ ಕಣವ್ವಾ."