ಒರಳಿನ ಗುಂಡಿಯ ಮೇಲೊಂದು ಲ್ಯಾಮಿನೇಟ್ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಬುದ್ಧಿವಂತರು ಎರಡರ ನಡುವೆ ನಾಲ್ಕು ವರ್ಷ ಬಿಡುತ್ತಾರೆ. ಹುಣಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ನಾನು ಎರಡನ್ನೂ ಒಂದೇ ವರ್ಷಕ್ಕೆ ಇಟ್ಟುಕೊಂಡೆ. ಹಾಗಾಗಿ ನಗುವಂಥದ್ದು ನಮ್ಮ ಮನೆಯಲ್ಲಿ ವಾರಕ್ಕೊಂದು ನಡೆಯುತ್ತಲೇ ಇತ್ತು. ನಗುತ್ತಿದ್ದವರು ಮಾತ್ರ ಅಕ್ಕಪಕ್ಕದವರು.

೧. ಮರದ ಚಿತ್ರ

ಹಳೇ ಹೆಂಚಿನ ಮನೆ ಕೆಡವಿ ಅದೇ ಪಾಯದ ಮೇಲೆ ತಾರಸಿ ಮನೆ ಕಟ್ಟಿಸಿದೆ. ಮಗಳನ್ನು ನೋಡಲು ಬರುವವರು ಬೆರಗಾಗಲಿ ಎಂದು ಹಾಲಿಗೆ ಲ್ಯಾಮಿನೇಟ್ ನೆಲ ಹಾಕಿಸುವ ಹುಚ್ಚು ನನ್ನದು. ತೇಗದ ಮರ ಕಣ್ಣೆದುರಿಗೇ ಇರುವ ಊರಿಗೆ, ಮರದ ಚಿತ್ರ ಅಂಟಿಸಿದ ಹಲಗೆಯನ್ನು ಮೈಸೂರಿನಿಂದ ತರಿಸಿದ ಮೊದಲ ಜಾಣ ನಾನೇ ಇರಬೇಕು.

ಈಗ ಹಾಲ್ ಆಗಿದ್ದ ಹಳೇ ನಡುಮನೆಯ ನೆಲದಲ್ಲಿ ಹೂತ ಒರಳುಕಲ್ಲು ಹಾಗೇ ಉಳಿದಿತ್ತು. ಅದನ್ನು ಕೀಳುವ ದಿನ ಅವ್ವ ಅದರ ಮುಂದೆ ಕೂತುಬಿಟ್ಟಳು.

"ಕೀಳ್ಬ್ಯಾಡ ಕಣಪ್ಪ. ಮೊಮ್ಮಗಳ ಮದ್ವೆಗೆ ಅರಿಸಿನ ಎಲ್ಲಿ ಕುಟ್ಟಾದು?"

"ಪ್ಯಾಕೆಟ್‌ನಲ್ಲಿ ಸಿಕ್ತದೆ ಕಣವ್ವ," ಎಂದೆ.

ಒರಳು ಹಿತ್ತಿಲು ಸೇರಿತು. ಗಾರೆಯವನು ಆ ಗುಂಡಿಗೆ ಒಡೆದ ಹೆಂಚು, ಸಡಿಲ ಮಣ್ಣು ತುಂಬಿ, ಮೇಲೆ ತೆಳ್ಳಗೆ ಸಿಮೆಂಟು ಸವರಿದ. ಮಣ್ಣು ಕುಟ್ಟಿ ಗಟ್ಟಿಯಾಗಿ ದಮ್ಮಸ್ಸು ಹಾಕಲ್ವಾ ಎಂದು ಕೇಳಿದೆ. "ಮ್ಯಾಲೆ ಹಲಗೆ ಬತ್ತದಲ್ಲ ಸಾ, ಯಾರ್ ನೋಡ್ತಾರೆ ಬುಡಿ," ಎಂದ.

ಹಲಗೆಯವನು ಬಂದು, ಹಾಸಿ, ಹೋಗುವಾಗ ಒಂದೇ ಮಾತು ಹೇಳಿದ. "ಒಂದ್ ತೊಟ್ಟು ನೀರು ಬೀಳಂಗಿಲ್ಲ ಸಾ."

ಅದಾದ ಎರಡೇ ದಿನಕ್ಕೆ ಗೃಹಪ್ರವೇಶವಿತ್ತು.

೨. ಲಕ್ಷ್ಮಿ

ಹೊಸ ಮನೆಗೆ ಮೊದಲು ಹಸು ಕಾಲಿಡಬೇಕಲ್ಲ. ನಮ್ಮ ಹಸು ಕಾಲಿಟ್ಟಿತು, ಜಾರಿತು, ಹೇಗೋ ಸಾವರಿಸಿಕೊಂಡು ಹಾಲ್‌ನ ನಡುಮಧ್ಯೆ ನಿಂತು ಧಾರಾಳವಾಗಿ ಗಂಜಳ ಹೊಯ್ದಿತು. ಹೆಂಗಸರು ಕೈಮುಗಿದರು. ನಾನು ಬಟ್ಟೆ ಹಿಡಿದು ಓಡಿದರೆ ಪುರೋಹಿತರು ತಡೆದರು.

"ಒಳ್ಳೇ ಶಕುನ ಮೇಷ್ಟ್ರೇ. ಲಕ್ಷ್ಮಿ ತಾನಾಗೇ ಬಂದಿದ್ದಾಳೆ, ಒರಸಬೇಡಿ."

ಲಕ್ಷ್ಮಿ ಹಲಗೆಯ ಸಂದಿಯಲ್ಲಿ ಇಳಿದು ಅಲ್ಲೇ ನೆಲೆಸಿದಳು. ವಾರದೊಳಗೆ ಸಂದುಗಳು ಉಬ್ಬಿದವು. ಒರಳಿದ್ದ ಜಾಗದಲ್ಲಿ ನೆಲ ಕುಸಿದು, ಕಾಲಿಟ್ಟರೆ ಕಿರ್ರೆನ್ನತೊಡಗಿತು. ಹಲಗೆಯವನಿಗೆ ಫೋನ್ ಮಾಡಿ ಗ್ಯಾರಂಟಿ ನೆನಪಿಸಿದೆ.

ಪೂರ್ತಿ ಕೇಳಿಸಿಕೊಂಡು ಹೇಳಿದ: "ಗ್ಯಾರಂಟಿ ಮನುಷ್ಯರು ಓಡಾಡೋದಕ್ಕೆ ಸಾ."

೩. ಜಮಖಾನ

ಅಷ್ಟರಲ್ಲಿ ಕೆ.ಆರ್. ನಗರದ ಕಡೆಯಿಂದ ಗಂಡಿನವರು ಬರುವುದು ಗೊತ್ತಾಯಿತು. ಹುಡುಗನನ್ನು ಮಗಳು ಫೋಟೋದಲ್ಲೇ ಒಪ್ಪಿಬಿಟ್ಟಿದ್ದಳು. ಈ ದರಿದ್ರ ನೆಲದಿಂದ ಸಂಬಂಧ ತಪ್ಪಿದರೆ ಅವಳ ಮುಖ ಹೇಗೆ ನೋಡಲಿ ಎಂದು ನನಗೆ ನಿಜಕ್ಕೂ ನಿದ್ದೆ ಹತ್ತಲಿಲ್ಲ.

ಗುಂಡಿಯ ಮೇಲೆ ಟೀಪಾಯಿ ಇಟ್ಟೆ. ವಾಲಿತು. ಕೊನೆಗೆ ಜಮಖಾನ ಹಾಸಿ, ಕಾಫಿ ತರುವಾಗ ಗೋಡೆ ಹಿಡಿದೇ ಬಾ ಎಂದು ಮಗಳಿಗೆ ಹೇಳಿಕೊಟ್ಟೆ.

"ಅಂಗ್ ಬಂದ್ರೆ ಹುಡುಗಿಗೆ ತಲೆಸುತ್ತು ಅಂತಾರೆ ಕಣಪ್ಪ," ಎಂದಳು ಮಗಳು.

ಗಂಡಿನ ತಂದೆ ಭತ್ತದ ಮೂಟೆಯಂಥ ಆಳು. ಒಳಗೆ ಬಂದವರೇ ನೇರ ಜಮಖಾನದ ಮೇಲೆ ಕಾಲಿಟ್ಟರು. ಕಿರ್ರೆಂದಿತು. ನಿಂತರು. ಇನ್ನೊಮ್ಮೆ ಒತ್ತಿ ನೋಡಿದರು. ಬಗ್ಗಿ ಜಮಖಾನದ ಅಂಚು ಎತ್ತಿದರು. ಬಾಗಿಲ ಸಂದಿಯಲ್ಲಿದ್ದ ಮಗಳು ಕಾಫಿ ಲೋಟಗಳ ಸಮೇತ ಒಳಕ್ಕೆ ಸರಿದಳು.

"ಇಲ್ಲಿ ಒರಳಿತ್ತಾ?"

"ಇತ್ತು," ಎಂದೆ.

ಮೂಲೆಯಿಂದ ಅವ್ವ, "ಕೀಳ್ಬ್ಯಾಡ ಅಂತ ಬಡ್ಕಂಡೆ," ಎಂದಳು.

"ನಮ್ಮವ್ವನೂ ಇಂಗೇ ಬಡ್ಕಂಡ್ಲು ಕಣವ್ವ," ಎಂದು ಅವರು ಜಮಖಾನವನ್ನು ಮೊದಲಿನಂತೆ ನೀಟಾಗಿ ಎಳೆದು ಮುಚ್ಚಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಹಾಕಿ, ಮೆಲ್ಲಗೆ ಹೇಳಿದರು:

"ಬರೋ ವಾರ ನೀವು ನಮ್ಮನೆ ನೋಡಕ್ಕೆ ಬತ್ತೀರಲ್ಲ, ನಡುಮಧ್ಯದ ಸೋಫಾದಲ್ಲಿ ಮಾತ್ರ ಕೂತ್ಕಬ್ಯಾಡಿ ಬೀಗ್ರೇ."