ಬೆರಳೆತ್ತಿ ಕಲಿತ ಕ್ರಿಯಾಪದ

ಅಕ್ಷರಗಳ ವಿಷಯದಲ್ಲಿ ನಾನು ಬಹಳ ನ್ಯಾಯವಂತ. ಯಾವುದನ್ನೂ ತಲೆಯ ಮೇಲೆ ಕೂರಿಸುವುದಿಲ್ಲ, ಯಾವುದನ್ನೂ ಮೂಲೆಗೆ ತಳ್ಳುವುದಿಲ್ಲ. ಈ ನ್ಯಾಯಬುದ್ಧಿಯೇ ನನಗೆ ಮುಳುವಾಗುತ್ತದೆಂದು ಐವತ್ತರ ಹತ್ತಿರ ಬಂದಮೇಲೆ ಗೊತ್ತಾಯಿತು. ಹೊನ್ನಾವರದ ಮೀನು ರಫ್ತು ಕಂಪನಿಯೊಂದರ ಐಸ್ ಕೋಣೆಯಲ್ಲಿ ನನ್ನ ಕೆಲಸ. ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಮೂಗು ಒರೆಸುವ ಜೀವ. ಮೊಜಾಂಬಿಕಿನ ಗಿರಾಕಿಗಳ ಜೊತೆ ಪೋರ್ಚುಗೀಸಿನಲ್ಲಿ ಮಾತಾಡಬಲ್ಲವರಿಗೆ ಆಫೀಸಿನಲ್ಲಿ ಕುರ್ಚಿ ಎಂದು ಸಾಹೇಬರು ಸಾರಿದಾಗ ಮೊದಲು ಹೆಸರು ಕೊಟ್ಟವನು ನಾನೇ.

ಗೋವಾದ ಟೀಚರು ಫೋನಿನಲ್ಲೇ ಪಾಠ ಶುರು ಮಾಡಿದರು. ಅಯ್ಯೋ ದೇವರೇ, ಎಂಥ ಭಾಷೆ! ‘ಕೊಳ್ಳುತ್ತೇವೆ’ ಎಂಬ ಕ್ರಿಯಾಪದದ ಹೊಟ್ಟೆ ಸೀಳಿ, ‘ಅದನ್ನು’ ಎಂಬುದನ್ನು ಒಳಗೆ ತುಂಬಿ, ಮತ್ತೆ ಹೊಲಿದುಬಿಡುತ್ತಾರೆ: ಕೊಂ-ಪ್ರಾ-ಲು-ಎ-ಮುಶ್. ಐದು ತುಂಡು. ‘ಪ್ರಾ’ ಮೇಲೆ ಸಣ್ಣ ಒತ್ತು, ‘ಎ’ ಮೇಲೆ ದೊಡ್ಡ ಒತ್ತು. ನಾನು ಐದಕ್ಕೂ ಸಮಪಾಲು ಹಂಚಿದೆ. “ನೀವು ಮಾತಾಡುತ್ತಿಲ್ಲ, ಹಾಜರಿ ಕರೆಯುತ್ತಿದ್ದೀರಿ” ಎಂದ ಟೀಚರು, ಒತ್ತು ಬಂದಲ್ಲೆಲ್ಲ ಬೆರಳೆತ್ತಿ ಅಭ್ಯಾಸ ಮಾಡಲು ಹೇಳಿದರು. ಪರೀಕ್ಷೆ ಸೋಮವಾರ.

ಭಾನುವಾರ ಬೆಳಿಗ್ಗೆ ಹೆಂಡತಿ ಮೀನು ತರಲು ಬಂದರಿಗೆ ಅಟ್ಟಿದಳು. ದೋಣಿಯಿಂದಿಳಿದ ಬುಟ್ಟಿಗಳ ಹರಾಜು ನಡೆದಿತ್ತು. ಕೂಗುವವನು ದರ ಏರಿಸುತ್ತ ಹೋಗುತ್ತಾನೆ, ಬೇಕಾದವರು ಸುಮ್ಮನೆ ಬೆರಳೆತ್ತುತ್ತಾರೆ. ಆ ಗದ್ದಲದಲ್ಲಿ ಯಾರಿಗೆ ಕೇಳಿಸೀತು ಎಂಬ ಧೈರ್ಯದಿಂದ ನಾನು ಕಣ್ಣು ಮುಚ್ಚಿ ಗಟ್ಟಿಯಾಗಿಯೇ ಶುರು ಮಾಡಿದೆ. ‘ಪ್ರಾ’ಗೆ ಅರ್ಧ ಬೆರಳು, ‘ಎ’ಗೆ ಪೂರ್ತಿ ಬೆರಳು. ಏನು ಲಯ, ಏನು ಸುಖ! ಏಳನೆಯ ಸಲಕ್ಕೆ ಕಣ್ಣು ಬಿಟ್ಟರೆ ಕಾಲಬುಡದಲ್ಲಿ ನಾಲ್ಕು ಬುಟ್ಟಿ ಬಂಗಡೆ.

“ಎಂತಾ ತಮ್ಮಾ, ನಮ್ಮ ಹೊಟ್ಟೆ ಮೇಲೆ ಹೊಡೂಕೆ ಬಂದ್ಯಾ?” ಮಾವಿನಕುರ್ವೆಯಿಂದ ಬಂದು ಮೀನು ಮಾರುವ ಮಾದೇವಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ನಾಳಿನ ಪರೀಕ್ಷೆ, ಬೆರಳಿನ ಕಥೆ ಎಲ್ಲವನ್ನೂ ಒಪ್ಪಿಸಿದೆ.

“ಆ ಮಾತಿನ ಅರ್ಥ ಎಂತದಾ?”

“ಅದನ್ನ ನಾವು ತಕಂತೇವೆ ಅಂತ.”

“ಹೇಳೂದೂ ಅದೇ, ಮಾಡೂದೂ ಅದೇ! ಮತ್ತೆಂತಕೆ ಮುಖ ಸಣ್ಣ ಮಾಡ್ತೆ?” ಅವಳು ಬಿದ್ದು ಬಿದ್ದು ನಕ್ಕಳು, ಸುತ್ತಲಿದ್ದವರೂ ನಕ್ಕರು, ಕೊನೆಗೆ ನನಗೂ ತಡೆಯಲಾಗಲಿಲ್ಲ. ಬುಟ್ಟಿಗಳನ್ನು ಅವಳೇ ತೆಗೆದುಕೊಂಡು, ನನ್ನ ಚೀಲಕ್ಕೆ ಆರು ಬಂಗಡೆ ಹಾಕಿ, “ನಾಳೆ ಗಂಟಲಲ್ಲೇ ಗುನುಗಬೇಡ. ಇಲ್ಲಿ ಕೂಗ್ದಂಗೇ ಕೂಗು, ಆತಾ?” ಎಂದಳು.

ಕೂಗಿದೆ. ಪುಣ್ಯಕ್ಕೆ ಪರೀಕ್ಷೆಯಲ್ಲಿ ಅದೇ ಪದ ಬಂತು. ಟೀಚರು ಫೋನಿನ ಪರದೆಯೊಳಗಿಂದ ಚಪ್ಪಾಳೆ ತಟ್ಟಿದರು, ಸಾಹೇಬರು ಕುರ್ಚಿ ಕೊಟ್ಟರು. ಸ್ವೆಟರ್ ಕಳಚಿ ಫ್ಯಾನಿನ ಕೆಳಗೆ ಕೂತಿದ್ದೇನೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೊಜಾಂಬಿಕಿನಿಂದ ಇನ್ನೇನು ಫೋನು ಬರಬೇಕು. ಮೀನು ಮಾರಲು ಕೂತಿರುವ ನನಗೆ ಒತ್ತು ಸಮೇತ ಬರುವ ಕ್ರಿಯಾಪದ ‘ಕೊಳ್ಳುತ್ತೇವೆ’ ಒಂದೇ ಎಂಬುದನ್ನು ಮಾತ್ರ ಸಾಹೇಬರಿಗೆ ಇನ್ನೂ ಹೇಳಿಲ್ಲ.